ಕಾಳಿಗೆ ಬರುವ ಹಕ್ಕಿಗಳನ್ನು ಗಮನಿಸುವವರಿಗೆ
ಅಂಗಳದಲ್ಲಿ ಕಾಳು ಇಡುವವರು ಗಿಡುಗ ಹಾದುಹೋದ ನಂತರದ ಕೆಲವು ನಿಮಿಷಗಳನ್ನು ತಪ್ಪದೆ ಗಮನಿಸಬೇಕು. ಒಂದೇ ಗುಂಪಿನ ಗುಬ್ಬಚ್ಚಿಗಳಲ್ಲಿಯೂ ಕೆಲವು ಬೇಗನೆ ತಟ್ಟೆಗೆ ಇಳಿದರೆ, ಇನ್ನು ಕೆಲವು ದಾಸವಾಳದ ಪೊದೆಯೊಳಗೆ ಕತ್ತು ನೀಳ ಮಾಡಿ ಕುಳಿತು, ಉಳಿದವು ತಿನ್ನತೊಡಗಿದ ಮೇಲಷ್ಟೇ ಹೊರಬರುತ್ತವೆ. ನೆದರ್‌ಲೆಂಡ್ಸ್‌ನಲ್ಲಿ ಗ್ರೇಟ್ ಟಿಟ್ ಎಂಬ ಪುಟ್ಟ ಹಕ್ಕಿಗಳನ್ನು ಅಪರಿಚಿತ ಕೋಣೆಯೊಳಗೆ ಬಿಟ್ಟು ನೋಡಿದ ಸಂಶೋಧಕರು, ಬೇಗನೆ ಸುತ್ತಾಡುವ ಮತ್ತು ನಿಧಾನವಾಗಿ ಪರಿಶೀಲಿಸುವ ಹಕ್ಕಿಗಳ ನಡುವಿನ ಈ ವ್ಯತ್ಯಾಸ ಭಾಗಶಃ ಆನುವಂಶಿಕವೆಂದು ಕಂಡುಕೊಂಡಿದ್ದಾರೆ. ಆದ್ದರಿಂದ ಹಿಂಜರಿಯುವ ಹಕ್ಕಿಗೆ ಕಾಯಿಲೆಯಿದೆಯೆಂದು ಭಾವಿಸಬೇಕಿಲ್ಲ (ಗಿಡುಗದ ಉಗುರಿಗೆ ಧೈರ್ಯಶಾಲಿಯೇ ಮೊದಲು ಸಿಕ್ಕೀತು). ಒಂದು ತಟ್ಟೆಯನ್ನು ಬಯಲಿನಲ್ಲೂ ಇನ್ನೊಂದನ್ನು ಪೊದೆಯಿಂದ ಎರಡು-ಮೂರು ಮೀಟರ್ ದೂರದಲ್ಲೂ ಇಟ್ಟರೆ ಎರಡೂ ಸ್ವಭಾವದವುಗಳಿಗೆ ಅನುಕೂಲ. ಪೊದೆಗೆ ತೀರಾ ಹತ್ತಿರವಿಟ್ಟರೆ ಬೆಕ್ಕು ಹೊಂಚು ಹಾಕುತ್ತದೆ. ಹಕ್ಕಿಗಳ ಲೆಕ್ಕ ಬರೆಯುವವರು ಮೊದಲು ಇಳಿದವುಗಳನ್ನಷ್ಟೇ ಎಣಿಸದೆ, ತಡವಾಗಿ ಬರುವವುಗಳಿಗೂ ಕಾಯುವುದು ಒಳ್ಳೆಯದು.