ಸ್ಟಾಕ್ ಏಜಿಂಗ್ ರಿಪೋರ್ಟ್ ಹೇಳುವುದು ಬಿಲ್ಲಿನ ವಯಸ್ಸು, ಮಾಲಿನದ್ದಲ್ಲ: ನನ್ನ ಅನುಭವ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಕೃಷಿ ಸಾಮಾನಿನ ಅಂಗಡಿಯೊಂದರಲ್ಲಿ ಹನ್ನೊಂದು ವರ್ಷದಿಂದ ಲೆಕ್ಕ ನೋಡುತ್ತಿದ್ದೇನೆ. ಮೈಲುತುತ್ತು, ಸುಣ್ಣ, ಗೊಬ್ಬರ, ಅಡಿಕೆಯ ಕೊಳೆರೋಗದ ಔಷಧಿ, ಸ್ಪ್ರೇಯರ್, ಅದರ ಬಿಡಿಭಾಗ, ಸ್ಪ್ರಿಂಕ್ಲರ್ ಜೆಟ್, ಪಿವಿಸಿ ಫಿಟ್ಟಿಂಗ್ಸ್, ಎಲ್ಲ ಸೇರಿ ಎರಡು ಸಾವಿರದ ಹತ್ತಿರ ಐಟಂ ಇವೆ. ಹಳೆ ಸ್ಟಾಕ್ ಎಷ್ಟಿದೆ ಅಂತ ಧನಿಗಳು ಕೇಳಿದಾಗಲೆಲ್ಲ ಸಾಫ್ಟ್‌ವೇರಿನಿಂದ ಏಜಿಂಗ್ ರಿಪೋರ್ಟ್, ಅಂದರೆ ಉಳಿದ ಮಾಲು ಬಂದು ಎಷ್ಟು ದಿನ ಆಯಿತು ಅಂತ ತೋರಿಸುವ ಪಟ್ಟಿ, ತೆಗೆದು ಪ್ರಿಂಟ್ ಕೊಡುತ್ತಿದ್ದೆ. 45 ದಿನದ ಒಳಗಿನದು, 45ರಿಂದ 90, 90ರಿಂದ 180, ಆಮೇಲೆ 180 ದಾಟಿದ್ದು. ನಾಲ್ಕು ಕಾಲಂ, ಕೆಳಗೆ ಟೋಟಲ್. ಅದನ್ನು ನಾನು ಪೂರ್ತಿ ನಂಬಿದ್ದೆ.

2023ರ ಜುಲೈಯಲ್ಲಿ ಗೋಡೌನಿನ ಒಂದು ಮೂಲೆ ಸೋರಿತು. ಪೆಟ್ಟಿಗೆಗಳನ್ನೆಲ್ಲ ಆಚೆ ಈಚೆ ಮಾಡಬೇಕಾಯಿತು. ಗೋಡೌನ್ ನೋಡಿಕೊಳ್ಳುವ ಅಣ್ಣ ಒಂದು ಪೆಟ್ಟಿಗೆ ತಂದು ನನ್ನ ಮೇಜಿನ ಮೇಲಿಟ್ಟು, "ಅಕ್ಕಾ, ಇದರ ಡೇಟ್ ಮುಗಿದಿದೆ ನೋಡಿ" ಅಂದರು. ಕೊಳೆರೋಗಕ್ಕೆ ಬಿಡುವ ಔಷಧಿ. ತಯಾರಾದದ್ದು 2021ರ ಜುಲೈ, ಅವಧಿ ಮುಗಿದದ್ದು 2023ರ ಜೂನ್. ಅಂಥ ಪೆಟ್ಟಿಗೆ ಎರಡು, 24 ಬಾಟಲ್. ಹಿಂದಿನ ದಿನವಷ್ಟೇ ತೆಗೆದ ರಿಪೋರ್ಟಿನಲ್ಲಿ ಆ ಔಷಧಿಗೆ 90 ದಿನ ದಾಟಿದ ಸ್ಟಾಕ್ ಸೊನ್ನೆ ಅಂತ ಇತ್ತು.

ಆ ದಿನ ರಾತ್ರಿ ಕೂತು ಖರೀದಿ ಬಿಲ್ಲುಗಳನ್ನೆಲ್ಲ ಹೊರಗೆ ತೆಗೆದೆ. 2022ರ ಆಗಸ್ಟಿನಲ್ಲಿ 36 ಬಾಟಲ್ ಬಂದಿದೆ. 2023ರ ಏಪ್ರಿಲ್ 20ಕ್ಕೆ 36. ಜೂನ್ 5ಕ್ಕೆ 48. ಜುಲೈ 10ಕ್ಕೆ ಉಳಿದದ್ದು 60. ಸಾಫ್ಟ್‌ವೇರ್ ಏನು ಮಾಡುತ್ತದೆ ಅಂದರೆ, ಉಳಿದ 60ನ್ನು ಹಿಡಿದುಕೊಂಡು ಕೊನೆಯ ಬಿಲ್ಲಿನಿಂದ ಹಿಂದಕ್ಕೆ ಹೋಗುತ್ತದೆ. ಜೂನ್ ಬಿಲ್ಲಿನ 48, ಅದರ ಹಿಂದಿನ ಏಪ್ರಿಲ್ ಬಿಲ್ಲಿನಿಂದ 12, ಅಲ್ಲಿಗೆ 60 ಆಯಿತು. ಆಗಸ್ಟಿನ ಬಿಲ್ಲಿನವರೆಗೆ ಅದು ಹೋಗಲೇ ಇಲ್ಲ. ಮೊದಲು ಬಂದದ್ದು ಮೊದಲು ಮಾರಿಹೋಗಿದೆ ಅಂತ ಅದು ಎಣಿಸಿಕೊಂಡಿದೆ. ಯಾವ ಪೆಟ್ಟಿಗೆ ನಿಜವಾಗಿ ಹೊರಗೆ ಹೋಯಿತು ಅನ್ನುವುದನ್ನು ನಾವು ಅದಕ್ಕೆ ಹೇಳಿಯೇ ಇಲ್ಲ ಅಲ್ವಾ, ಅದಕ್ಕೆ ಹೇಗೆ ಗೊತ್ತಾಗಬೇಕು? ಗೋಡೌನಿನಲ್ಲಿ ಆದದ್ದು ಉಲ್ಟಾ. ಹೊಸ ಪೆಟ್ಟಿಗೆ ಬಂದಾಗ ಮುಂದೆ ಇಟ್ಟರು, ಗಿರಾಕಿ ಬಂದಾಗ ಮುಂದಿನದನ್ನೇ ತೆಗೆದು ಕೊಟ್ಟರು. ಆಗಸ್ಟಿನ ಎರಡು ಪೆಟ್ಟಿಗೆ ಗೋಡೆಗೆ ತಾಗಿ ಹಾಗೇ ಉಳಿಯಿತು.

ಇನ್ನೊಂದು ವಿಷಯವೂ ಆವತ್ತೇ ತಲೆಗೆ ಹೋಯಿತು. ಆ ಔಷಧಿ ನಮ್ಮಲ್ಲಿಗೆ ಬರುವಾಗಲೇ ಅದಕ್ಕೆ ಒಂದು ವರ್ಷ ಆಗಿತ್ತು. ರಿಪೋರ್ಟಿನಲ್ಲಿ ವಯಸ್ಸು ಶುರುವಾಗುವುದು ನಾವು ಬಿಲ್ ಎಂಟ್ರಿ ಮಾಡಿದ ದಿನದಿಂದ. ಬಾಟಲಿಯ ಮೇಲೆ ಎರಡು ವರ್ಷ ಅಂತ ಇದ್ದರೆ ನಮ್ಮ ಕೈಯಲ್ಲಿದ್ದದ್ದು ಹತ್ತು ತಿಂಗಳು ಮಾತ್ರ. ಅವಧಿ ಇರುವ ಮಾಲಿಗೆ ಎಷ್ಟು ದಿನ ಆಯಿತು ಅನ್ನುವುದಕ್ಕಿಂತ ಎಷ್ಟು ದಿನ ಉಳಿದಿದೆ ಅನ್ನುವುದೇ ಮುಖ್ಯ.

24 ಬಾಟಲ್ ದುಡ್ಡಿನ ಲೆಕ್ಕದಲ್ಲಿ ದೊಡ್ಡದಲ್ಲ. ಆದರೆ ಅವಧಿ ಮುಗಿದ ಕೀಟನಾಶಕ, ಶಿಲೀಂಧ್ರನಾಶಕಗಳನ್ನು ಬೇರೆ ಜಾಗದಲ್ಲಿ, ಮಾರಾಟಕ್ಕಲ್ಲ ಅಂತ ಗುರುತು ಹಾಕಿ ಇಡಬೇಕು ಅನ್ನುವ ನಿಯಮ ಇದೆ. ನಿಯಮ ಇರಲಿ ಬಿಡಲಿ, ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಜಿಲ್ಲೆ ನಮ್ಮದು. 2011ರಲ್ಲಿ ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನು ದೇಶದಲ್ಲೆಲ್ಲ ನಿಷೇಧಿಸಿದ ಮೇಲೂ ಅದರ ನೋವು ಇಲ್ಲಿನ ಮನೆಗಳಲ್ಲಿ ಇದೆ. ಡೇಟ್ ಮುಗಿದ ವಿಷದ ಬಾಟಲ್ ನಮ್ಮ ಕೌಂಟರಿನಿಂದ ಯಾರದೋ ತೋಟಕ್ಕೆ ಹೋಗಿದ್ದರೆ ಅಂತ ಯೋಚಿಸಿ ನನಗೆ ಎರಡು ದಿನ ಸರಿಯಾಗಿ ನಿದ್ದೆ ಬರಲಿಲ್ಲ.

ಆಮೇಲೆ ಒಂದೊಂದೇ ಕಡೆ ನೋಡುತ್ತಾ ಹೋದೆ.

ನಮಗೆ ವಿಟ್ಲದಲ್ಲಿ ಒಂದು ಬ್ರಾಂಚ್ ಇದೆ. ಪೆರ್ಲದ ದಾರಿಯಲ್ಲಿ ಗಡಿ ದಾಟಿದರೆ ಹೆಚ್ಚು ದೂರ ಇಲ್ಲ, ಆದರೆ ಅದು ಕರ್ನಾಟಕ, ಇದು ಕೇರಳ. ಧನಿ ಒಬ್ಬರೇ, ಪ್ಯಾನ್ ಒಂದೇ, ಆದರೂ ಜಿಎಸ್‌ಟಿಯಲ್ಲಿ ಎರಡು ರಾಜ್ಯದ ರಿಜಿಸ್ಟ್ರೇಶನ್ ಅಂದರೆ ಎರಡು ಬೇರೆ ವ್ಯಕ್ತಿ ಅಂತಲೇ ಲೆಕ್ಕ. ಹಾಗಾಗಿ ಇಲ್ಲಿಂದ ಅಲ್ಲಿಗೆ ಮಾಲು ಕಳಿಸಿದರೂ ಟ್ಯಾಕ್ಸ್ ಇನ್‌ವಾಯ್ಸ್ ಹಾಕಬೇಕು, ರಾಜ್ಯದಿಂದ ರಾಜ್ಯಕ್ಕೆ ಹೋಗುವ ಮಾಲಿನ ತೆರಿಗೆ ಐಜಿಎಸ್‌ಟಿ ಕಟ್ಟಬೇಕು. ವಿಟ್ಲದ ಪುಸ್ತಕದಲ್ಲಿ ಅದು ಇವತ್ತಿನ ಖರೀದಿ. ನಮ್ಮಲ್ಲಿ ಎರಡು ವರ್ಷ ಕೂತ ಗೇಟ್ ವಾಲ್ವ್ ಗಡಿ ದಾಟಿದ ಕೂಡಲೇ 0 ದಿನದ ಹೊಸ ಮಾಲು ಆಗುತ್ತದೆ. ಇಲ್ಲಿ ಹೋಗದ್ದನ್ನು ಅಲ್ಲಿಗೆ ಕಳಿಸಿ, ಅಲ್ಲಿ ಹೋಗದ್ದನ್ನು ವಾಪಸ್ ತರಿಸಿ, ಎರಡೂ ಕಡೆಯ ರಿಪೋರ್ಟಿನಲ್ಲಿ ಹಳೆ ಸ್ಟಾಕ್ ಕಮ್ಮಿ ಆಗಿದೆ ಅಂತ ನಾವು ಖುಷಿಪಟ್ಟ ವರ್ಷಗಳು ಇವೆ. ಯಾರೂ ಮೋಸ ಮಾಡಿದ್ದಲ್ಲ, ಎಂಟ್ರಿಯೆಲ್ಲ ಕಾನೂನಿನ ಪ್ರಕಾರವೇ ಇತ್ತು.

ಇದೇ ಥರ ಹಳೆ ಮಾಲು ಹೊಸದಾಗುವ ಬಾಗಿಲು ಇನ್ನೂ ಇವೆ. 50 ಕಿಲೋ ಚೀಲದ ಮೈಲುತುತ್ತನ್ನು ಒಂದು ಕಿಲೋ ಪ್ಯಾಕೆಟ್ ಮಾಡಿ ಸ್ಟಾಕ್ ಜರ್ನಲ್ (ಒಂದು ಐಟಮನ್ನು ಇನ್ನೊಂದಾಗಿ ಬದಲಿಸುವ ಎಂಟ್ರಿ) ಹಾಕಿದರೆ ಪ್ಯಾಕೆಟ್ ಹುಟ್ಟಿದ್ದು ಇವತ್ತು. ರೈತರು ಮಳೆ ಶುರುವಾದ ಮೇಲೆ ವಾಪಸ್ ಕೊಟ್ಟ ಜೆಟ್ಟುಗಳು ನಮ್ಮ ಸಾಫ್ಟ್‌ವೇರಿನಲ್ಲಿ ವಾಪಸ್ ಬಂದ ತಾರೀಕಿನಲ್ಲೇ ಕೂರುತ್ತವೆ. ಸಾಫ್ಟ್‌ವೇರ್ ಬದಲಿಸಿದ ವರ್ಷ ಎಲ್ಲವನ್ನೂ ಓಪನಿಂಗ್ ಸ್ಟಾಕ್ ಅಂತ ಏಪ್ರಿಲ್ 1ಕ್ಕೆ ಹಾಕಿದ್ದೆವು. ಆರು ತಿಂಗಳು 180ರ ಕಾಲಂ ಖಾಲಿ. ಸೆಪ್ಟೆಂಬರ್ ಕೊನೆಗೆ ಒಂದೇ ಸಲ ಅದು ತುಂಬಿಕೊಂಡಿತು, ಧನಿಗಳು ಗಾಬರಿಯಾಗಿ ಫೋನ್ ಮಾಡಿದರು. ಮುಕ್ಕಾಲಿಂಚಿನ ಎಲ್ಬೋ ಅಂತ ಒಂದೇ ಐಟಂ ಹೆಸರಲ್ಲಿ ಎರಡು ಕಂಪೆನಿಯ ಮಾಲು ಹಾಕಿದ್ದರಿಂದ, ಯಾರೂ ಕೇಳದ ಕಂಪೆನಿಯದ್ದು ಕೇಳುವ ಕಂಪೆನಿಯ ಹೊಸ ಬಿಲ್ಲಿನ ಹಿಂದೆ ಅಡಗಿತ್ತು. ಬಿಲ್ ಬರುವ ಮೊದಲೇ ಮಾಲು ಮಾರಿ ಸ್ಟಾಕ್ ಮೈನಸ್ ಹೋಗಿದ್ದ ಐಟಂಗಳ ಕಥೆ ಬೇರೆಯೇ. ಅವುಗಳ ದಿನದ ಲೆಕ್ಕವನ್ನು ನಾನು ಈಗ ನೋಡುವುದೇ ಇಲ್ಲ, ಮೊದಲು ಮೈನಸ್ ಸರಿ ಮಾಡುತ್ತೇನೆ.

ಹಳೆಯದು ಅಂದ ಕೂಡಲೇ ಕೆಟ್ಟದ್ದೂ ಅಲ್ಲ. ಸ್ಪ್ರಿಂಕ್ಲರ್ ಸಾಮಾನು ನಮ್ಮಲ್ಲಿ ಡಿಸೆಂಬರಿನಿಂದ ಏಪ್ರಿಲ್ ತನಕ ಹೋಗುತ್ತದೆ. ಅಕ್ಟೋಬರಿನಲ್ಲಿ ರಿಪೋರ್ಟ್ ತೆಗೆದರೆ ಉಳಿದ ಜೆಟ್ಟೆಲ್ಲ 180 ದಾಟಿರುತ್ತದೆ. ಧನಿಗಳು ಒಮ್ಮೆ ಅದನ್ನು ನೋಡಿ ಅರ್ಧ ರೇಟಿಗೆ ಕೊಟ್ಟುಬಿಡುವ ಅಂದರು. ನಾನು ಬೇಡ ಅಂದೆ, ಎರಡು ತಿಂಗಳು ಕಾದರೆ ಪೂರ್ತಿ ರೇಟಿಗೇ ಹೋಗುತ್ತದೆ. ಕೊಳೆರೋಗದ ಔಷಧಿ ಹಾಗಲ್ಲ. ಅಡಿಕೆಗೆ ಮೊದಲ ಸಿಂಪಡಣೆ ಮಳೆ ಹಿಡಿಯುವ ಮೊದಲು, ಎರಡನೆಯದು 40–45 ದಿನ ಬಿಟ್ಟು. ಆ ಎರಡು ಅಲೆ ದಾಟಿದ ಮೇಲೆ ಉಳಿದ ಬಾಟಲಿಗೆ ಮುಂದಿನ ಮೇ ತಿಂಗಳವರೆಗೆ ಗಿರಾಕಿ ಸಿಗುವುದು ಕಷ್ಟ, ಅದು ಬಂದು 30 ದಿನವೇ ಆಗಿರಲಿ. ಇನ್ನು ಯಾವುದೋ ಹಳೆ ಮಾಡೆಲ್ ಸ್ಪ್ರೇಯರಿನ ಪಿಸ್ಟನ್, ಒಬ್ಬರು ಕೇಳಿದರು ಅಂತ ಐದು ತರಿಸಿ ಒಂದು ಮಾರಿದ್ದು. ಉಳಿದ ನಾಲ್ಕು ಮೊದಲ ಕಾಲಮಿನಲ್ಲೇ ಇದೆ, ಆದರೆ ಅದು ಬಂದ ದಿನವೇ ಸತ್ತ ಸ್ಟಾಕ್.

ಆಡಿಟ್ ಸಮಯದಲ್ಲೂ ಇದರಿಂದ ತೊಂದರೆ ಆಗಿದೆ. ಏಜಿಂಗಿನ ಟೋಟಲ್ ಬಿಲ್ಲಿನ ರೇಟಿನಲ್ಲಿ, ವರ್ಷದ ಕೊನೆಗೆ ಉಳಿದ ಮಾಲಿನ ಲೆಕ್ಕ, ಅಂದರೆ ಕ್ಲೋಸಿಂಗ್ ಸ್ಟಾಕ್, ಸರಾಸರಿ ರೇಟಿನಲ್ಲಿ. ಎರಡೂ ತಾಳೆ ಆಗುವುದಿಲ್ಲ. ಅಕೌಂಟಿಂಗ್ ಸ್ಟ್ಯಾಂಡರ್ಡ್ 2ರ ಪ್ರಕಾರ ಕೊಂಡ ಬೆಲೆ, ಮಾರಿದರೆ ಖರ್ಚು ಕಳೆದು ಕೈಗೆ ಸಿಗುವ ಬೆಲೆ, ಇವೆರಡರಲ್ಲಿ ಕಡಿಮೆ ಯಾವುದೋ ಅದನ್ನೇ ಸ್ಟಾಕಿಗೆ ಹಾಕಬೇಕು. ಆ ಎರಡನೇ ಬೆಲೆ ಯಾವ ಏಜಿಂಗ್ ರಿಪೋರ್ಟಿನಲ್ಲೂ ಇರುವುದಿಲ್ಲ, ಕೌಂಟರಿನಲ್ಲಿ ನಿಂತವರನ್ನು ಕೇಳಿಯೇ ತಿಳಿಯಬೇಕು. ರೈಟ್ ಆಫ್ ಮಾಡಿದರೆ, ಅಂದರೆ ಮಾಲು ನಷ್ಟ ಅಂತ ಪುಸ್ತಕದಿಂದ ತೆಗೆದರೆ, ಆ ಮಾಲಿನ ಮೇಲೆ ತೆಗೆದುಕೊಂಡ ಜಿಎಸ್‌ಟಿ ಕ್ರೆಡಿಟ್ಟನ್ನೂ (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ನಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಂಡದ್ದು) ವಾಪಸ್ ಮಾಡಬೇಕು, ಕಾಯಿದೆಯ 17(5) ಅದನ್ನೇ ಹೇಳುತ್ತದೆ. ಆ 24 ಬಾಟಲಿಗೆ ನಾನು ಮಾಲಿನ ಬೆಲೆಯನ್ನಷ್ಟೇ ನಷ್ಟ ಅಂತ ಬರೆದಿದ್ದೆ. ಕ್ರೆಡಿಟ್ ವಿಷಯ ನೆನಪಿಸಿದ್ದು ಆಡಿಟರು.

ಈಗ ಏನು ಮಾಡುತ್ತೇನೆ ಅಂತ ಹೇಳುತ್ತೇನೆ. ಡೇಟ್ ಇರುವ ಎಲ್ಲ ಐಟಂಗೆ ಸಾಫ್ಟ್‌ವೇರಿನಲ್ಲಿ ಬ್ಯಾಚ್, ಅಂದರೆ ಒಂದೊಂದು ಸಲ ಬಂದ ಮಾಲಿಗೆ ಬೇರೆ ಬೇರೆ ಲೆಕ್ಕ, ಆನ್ ಮಾಡಿದ್ದೇನೆ. ಬಿಲ್ ಹಾಕುವಾಗ ತಯಾರಿಕೆಯ ತಾರೀಕು, ಅವಧಿ ಎರಡೂ ಬರೆಯದೆ ಎಂಟ್ರಿ ಮುಂದೆ ಹೋಗದ ಹಾಗೆ ಇಟ್ಟಿದ್ದೇನೆ. ಇದು ಕೆಲಸ ಜಾಸ್ತಿ ಮಾಡುತ್ತದೆ, ಮೇ ತಿಂಗಳ ರಶ್ಶಿನಲ್ಲಿ ಕೌಂಟರಿನ ಹುಡುಗರು ಗೊಣಗುತ್ತಾರೆ. ಬ್ಯಾಚ್ ಆನ್ ಮಾಡಿದರೆ ಸಾಲದು, ಮಾರುವಾಗ ಸರಿಯಾದ ಬ್ಯಾಚನ್ನೇ ಆರಿಸಬೇಕು. ಸುಮ್ನೆ ಲಿಸ್ಟಿನಲ್ಲಿ ಮೊದಲು ಕಂಡದ್ದನ್ನು ಒತ್ತಿದರೆ ಮತ್ತೆ ಅದೇ ಕಥೆ. ಅದಕ್ಕೇ ಪ್ರತಿ ಪೆಟ್ಟಿಗೆಯ ಮೇಲೆ, ಚೀಲದ ಮೇಲೆ ಮಾರ್ಕರಿನಲ್ಲಿ ಬಂದ ತಿಂಗಳು ದೊಡ್ಡದಾಗಿ ಬರೆಯುತ್ತೇವೆ: 4/24, 6/24. ಗೋಡೌನಿನ ಅಣ್ಣನಿಗೆ ಕಂಪ್ಯೂಟರ್ ಬೇಡ, ಅದನ್ನು ನೋಡಿಯೇ ಹಳೆಯದನ್ನು ಮುಂದೆ ತರುತ್ತಾರೆ. ನಿಜ ಹೇಳಬೇಕೆಂದರೆ ಸಾಫ್ಟ್‌ವೇರಿಗಿಂತ ಜಾಸ್ತಿ ಉಪಕಾರ ಆದದ್ದು ಆ ಮಾರ್ಕರಿನಿಂದ. ವಿಟ್ಲಕ್ಕೆ ಕಳಿಸುವ ಇನ್‌ವಾಯ್ಸಿನ ಷರಾ ಜಾಗದಲ್ಲಿ ಮೊದಲ ಖರೀದಿಯ ತಾರೀಕು ಬರೆಯುತ್ತೇನೆ, ಅವರು ಅದನ್ನೇ ಬ್ಯಾಚ್ ಹೆಸರಾಗಿ ಹಾಕಿಕೊಳ್ಳುತ್ತಾರೆ.

ಧನಿಗಳಿಗೆ ಕೊಡುವ ಹಾಳೆಯೂ ಬದಲಾಗಿದೆ. ಏಜಿಂಗ್ ರಿಪೋರ್ಟನ್ನು ಎಕ್ಸೆಲ್ಲಿಗೆ ತೆಗೆದು ಪಕ್ಕದಲ್ಲಿ ಎರಡು ಕಾಲಂ ಸೇರಿಸುತ್ತೇನೆ, ಕೊನೆಯ ಸಲ ಮಾರಿದ್ದು ಯಾವಾಗ, ಹೋದ ವರ್ಷ ಇದೇ ಸೀಸನಿನಲ್ಲಿ ಎಷ್ಟು ಹೋಗಿತ್ತು. ಸಂಶಯ ಬಂದ ಇಪ್ಪತ್ತೋ ಮೂವತ್ತೋ ಐಟಂ ಹಿಡಿದುಕೊಂಡು ನಾನೇ ಗೋಡೌನಿಗೆ ಹೋಗಿ ಕಣ್ಣಾರೆ ನೋಡುತ್ತೇನೆ. ವರ್ಷಕ್ಕೆ ಎರಡು ಸಲ ಪೂರ್ತಿ ಎಣಿಕೆ. ಒಂದು ಮಾರ್ಚ್ ಕೊನೆಗೆ, ಅದು ಲೆಕ್ಕಕ್ಕೆ. ಇನ್ನೊಂದು ಪತ್ತನಾಜೆಗೆ (ತುಳುನಾಡಿನಲ್ಲಿ ಮಳೆಗಾಲದ ಲೆಕ್ಕ ಶುರುವಾಗುವ ದಿನ, ಮೇ ಕೊನೆಯ ಹೊತ್ತಿಗೆ) ಎರಡು ವಾರ ಮುಂಚೆ, ಅದು ನಮಗೆ.

ಕಳೆದ ಸಲದ ಆ ಎಣಿಕೆಯಲ್ಲಿ ಆರು ತಿಂಗಳೊಳಗೆ ಡೇಟ್ ಮುಗಿಯುವ ಮೂರು ಪೆಟ್ಟಿಗೆ ಔಷಧಿ ಸಿಕ್ಕಿತು. ಮುಂದೆ ತಂದು ಇಟ್ಟೆವು, ಡೇಟ್ ತೋರಿಸಿ ಹೇಳಿಯೇ ಕೊಟ್ಟೆವು, ಮೊದಲ ಸಿಂಪಡಣೆಗೇ ಎಲ್ಲ ಖರ್ಚಾಯಿತು. ವಿಟ್ಲದ ಆ ಗೇಟ್ ವಾಲ್ವ್ ಮಾತ್ರ ಇನ್ನೂ ಅಲ್ಲೇ ಇದೆ. ಈಗ ಅದರ ಪೆಟ್ಟಿಗೆಯ ಮೇಲೆ 2019 ಅಂತ ಬರೆದಿದೆ.