ಆರು ತಿಂಗಳು ತುಂಬಿದ ಮಗುವಿಗೆ ರಾಗಿ ಮಣ್ಣಿ ಮತ್ತು ಗಟ್ಟಿ ಗಂಜಿ

ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಮಗುವಿನ ಮೊದಲ ಆಹಾರಕ್ಕೆ ಬೇಕಾದುದೆಲ್ಲ ಬಹುಮಟ್ಟಿಗೆ ಅಡುಗೆಮನೆಯಲ್ಲಿಯೇ ಇರುತ್ತದೆ. ರಾಗಿ, ಕುಚ್ಚಲಕ್ಕಿ, ಹೆಸರುಬೇಳೆ, ನೇಂದ್ರ ಬಾಳೆ, ತುಪ್ಪ, ತೆಂಗಿನೆಣ್ಣೆ, ಹಿತ್ತಲಿನ ನುಗ್ಗೆಸೊಪ್ಪು ಇವಿಷ್ಟಿದ್ದರೆ ಡಬ್ಬಿಯ ಪುಡಿಯನ್ನು ಕೊಳ್ಳುವ ಅಗತ್ಯ ಬೀಳುವುದಿಲ್ಲ. ಮನೆಯ ಆಹಾರ ಮಗುವಿಗೆ ಸಾಲದೆ ಹೋದರೆ ಅದಕ್ಕೆ ಸಾಮಗ್ರಿಯ ಕೊರತೆಗಿಂತ ಹೆಚ್ಚಾಗಿ ಆಹಾರವನ್ನು ಅತಿಯಾಗಿ ತೆಳ್ಳಗೆ ಮಾಡುವುದೇ ಕಾರಣವಾಗಿರುತ್ತದೆ. ಗಂಜಿಯ ತಿಳಿ, ಬೇಳೆಯ ಕಟ್ಟು, ನೀರಾದ ಮಣ್ಣಿ ಇವು ಹೊಟ್ಟೆಯನ್ನು ತುಂಬಿಸುತ್ತವೆ, ಆದರೆ ಮಗುವಿನ ಮೈಗೆ ಹತ್ತುವುದಿಲ್ಲ. ಮಗುವಿನ ಜಠರ ಹಿಡಿಯುವುದು ಅದರ ತೂಕದ ಪ್ರತಿ ಕಿಲೋಗೆ ಸುಮಾರು 30 ಗ್ರಾಮಿನಷ್ಟು ಆಹಾರವನ್ನು ಮಾತ್ರ. ಏಳು ಕಿಲೋ ತೂಗುವ ಮಗುವಿಗೆ ಒಂದು ಹೊತ್ತಿಗೆ ಇನ್ನೂರು ಗ್ರಾಮಿನ ಆಸುಪಾಸಿನಲ್ಲಿ ಹೊಟ್ಟೆ ತುಂಬಿಹೋಗುವುದರಿಂದ, ಆ ಸ್ವಲ್ಪದರಲ್ಲಿ ಎಷ್ಟು ಸತ್ವವನ್ನು ಇಡುತ್ತೇವೆ ಎಂಬುದೇ ಈ ಅಡುಗೆಯಲ್ಲಿ ಮುಖ್ಯವಾದ ಲೆಕ್ಕಾಚಾರ.

ಮಗುವಿಗೆ 180 ದಿನ ತುಂಬುವವರೆಗೆ ಎದೆಹಾಲಿನ ಹೊರತು ಬೇರೇನೂ ಬೇಡ, ನೀರು ಕೂಡ ಬೇಡ. ನಮ್ಮ ಸೆಕೆಯಲ್ಲಿ ಮಗುವಿಗೆ ಬಾಯಾರುವುದಿಲ್ಲವೇ ಎಂದು ಹಿರಿಯರು ಕೇಳುವುದುಂಟು, ಆದರೆ ಎದೆಹಾಲಿನಲ್ಲಿಯೇ ಬೇಕಾದಷ್ಟು ನೀರು ಇರುತ್ತದೆ. ಆರು ತಿಂಗಳಾಗುತ್ತಿದ್ದಂತೆ ಹುಟ್ಟುವಾಗ ಮಗು ತಂದುಕೊಂಡಿದ್ದ ಕಬ್ಬಿಣದ ಸಂಗ್ರಹ ಮುಗಿಯುತ್ತ ಬರುತ್ತದೆ ಮತ್ತು ಎದೆಹಾಲಿನಲ್ಲಿ ಕಬ್ಬಿಣ ತೀರ ಕಡಿಮೆ ಇರುವುದರಿಂದ, ಆಗ ಮೇಲಾಹಾರವನ್ನು ಮುಂದೂಡುವುದೂ ತಪ್ಪಾಗುತ್ತದೆ. ಅನ್ನಪ್ರಾಶನದ ಮುಹೂರ್ತ ತಡವಾಗಿ ಬಂದರೂ ಊಟದ ಆರಂಭವನ್ನು ಅದಕ್ಕಾಗಿ ವಾರಗಟ್ಟಲೆ ಕಾಯಿಸಬಾರದು. ಶಾಸ್ತ್ರವನ್ನು ಆಮೇಲೆ ನಡೆಸಬಹುದು. ಕುತ್ತಿಗೆ ಗಟ್ಟಿಯಾಗಿ ನಿಂತು, ಆಧಾರ ಕೊಟ್ಟರೆ ಕುಳಿತುಕೊಂಡು, ದೊಡ್ಡವರ ತುತ್ತನ್ನು ಕಣ್ಣಿನಲ್ಲೇ ಹಿಂಬಾಲಿಸುವ ಮಗು ಉಣ್ಣಲು ಸಿದ್ಧವಾಗಿದೆ ಎಂದು ತಿಳಿಯಬಹುದು.

ನಮ್ಮಲ್ಲಿ ಮೊದಲ ಸ್ಥಾನ ರಾಗಿ ಮಣ್ಣಿಗೆ. ಧಾನ್ಯಗಳ ಪೈಕಿ ರಾಗಿಯಲ್ಲಿರುವಷ್ಟು ಸುಣ್ಣದಂಶ ಬೇರೆಯದರಲ್ಲಿ ಇಲ್ಲ. ನೂರು ಗ್ರಾಮಿನಲ್ಲಿ 340 ಮಿಲಿಗ್ರಾಮಿಗೂ ಹೆಚ್ಚು ಇರುತ್ತದೆ. ಆದರೆ ರಾಗಿಯ ಹೊರಪದರದಲ್ಲಿ ಕಬ್ಬಿಣವನ್ನು ಮೈಗೆ ಹತ್ತಗೊಡದ ಫೈಟೇಟ್, ಟ್ಯಾನಿನ್‌ಗಳೂ ಇರುವುದರಿಂದ ನೆನೆಸಿ ಮೊಳಕೆ ಬರಿಸುವ ಶ್ರಮವನ್ನು ಪಡಲೇಬೇಕು. ಕಾಲು ಕಿಲೋ ರಾಗಿಯನ್ನು ಕಲ್ಲು, ಹೊಟ್ಟು ಇಲ್ಲದಂತೆ ಆರಿಸಿ, ನೀರು ತಿಳಿಯಾಗುವವರೆಗೆ ನಾಲ್ಕಾರು ಸಲ ತೊಳೆದು, ರಾತ್ರಿಯಿಡೀ ನೆನೆಹಾಕಬೇಕು. ಬೆಳಿಗ್ಗೆ ನೀರು ಬಸಿದು, ತೆಳುವಾದ ಬಿಳಿ ಪಂಚೆಯ ತುಂಡಿನಲ್ಲಿ ಸಡಿಲವಾಗಿ ಗಂಟು ಕಟ್ಟಿ, ಜಾಲರಿಯ ತಟ್ಟೆಯಲ್ಲಿಟ್ಟು ಮುಚ್ಚಬೇಕು. ಕರಾವಳಿಯ ಹವೆಯಲ್ಲಿ ಒಂದು ದಿನ, ಹೆಚ್ಚೆಂದರೆ ಒಂದೂವರೆ ದಿನದಲ್ಲಿ ಕಾಳಿನ ತುದಿಯಲ್ಲಿ ಬಿಳಿಯ ಮೊಳಕೆ ಕಾಣಿಸಿಕೊಳ್ಳುತ್ತದೆ. ಅಷ್ಟೇ ಸಾಕು, ಅದನ್ನು ಉದ್ದಕ್ಕೆ ಬೆಳೆಯಲು ಬಿಡಬಾರದು. ಗಂಟು ಬಿಚ್ಚಿದಾಗ ಹಸಿ ಹುಲ್ಲಿನಂತಹ ಪರಿಮಳ ಬರಬೇಕು. ಹುಳಿ ವಾಸನೆ ಬಂದರೆ, ಬಟ್ಟೆ ಲೋಳೆಯಾಗಿದ್ದರೆ ಅಥವಾ ಹತ್ತಿಯ ಎಳೆಗಳಂತೆ ಬೂಸ್ಟು ಹಬ್ಬಿದ್ದರೆ ಅಷ್ಟನ್ನೂ ಚೆಲ್ಲಬೇಕು. ತೊಳೆದು ಉಳಿಸಿಕೊಳ್ಳುವ ಪ್ರಯತ್ನ ಬೇಡ.

ಇಲ್ಲಿಂದ ಮುಂದೆ ಎರಡು ದಾರಿಗಳಿವೆ. ನಮ್ಮ ಹಿರಿಯರು ಹೆಚ್ಚಾಗಿ ಅನುಸರಿಸುತ್ತಿದ್ದುದು ರಾಗಿಯನ್ನು ನೀರು ಹಾಕಿ ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆಯುವ ಕ್ರಮ. ಆ ಹಾಲನ್ನು ಕೂಡಲೇ ಕಾಯಿಸಿದರೆ ತಾಜಾ ಮಣ್ಣಿ. ಮುಚ್ಚಿಟ್ಟು, ಮೇಲಿನ ನೀರನ್ನು ಚೆಲ್ಲಿ, ತಳದ ಗಸಿಯನ್ನು ಬಟ್ಟೆಯ ಮೇಲೆ ಒಣಗಿಸಿಕೊಂಡರೆ ಇಡಬಹುದಾದ ಹುಡಿ. ಇದು ಬಹಳ ನಯವಾಗಿದ್ದು ಮೊದಲ ಕೆಲವು ವಾರಗಳಿಗೆ ಹಿತವಾಗಿರುತ್ತದೆ, ಆದರೆ ಹಿಂಡಿ ಉಳಿಯುವ ಹೊಟ್ಟಿನ ಜೊತೆಗೆ ಸುಣ್ಣ, ಕಬ್ಬಿಣಗಳ ಒಂದು ಪಾಲೂ ಹೊರಗೆ ಹೋಗುತ್ತದೆ. ಆದ್ದರಿಂದ ಮಗು ನುಂಗಲು ಕಲಿತ ಮೇಲೆ ಎರಡನೆಯ ದಾರಿಗೆ ಬರುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಮೊಳಕೆಯ ಕಾಳನ್ನೇ ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ, ತಿಕ್ಕಿ ಮೊಳಕೆಯ ಎಳೆಗಳನ್ನು ಕೇರಿ ತೆಗೆದು, ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಘಮ ಬರುವಷ್ಟು ಮಾತ್ರ ಬೆಚ್ಚಗೆ ಮಾಡಿ, ಮಿಕ್ಸಿಯಲ್ಲಿ ಹುಡಿ ಮಾಡಿ, ನಯವಾದ ಜರಡಿಯಲ್ಲಿ ಜರಡಿ ಹಿಡಿಯಬೇಕು. ಕಪ್ಪಾಗುವಷ್ಟು ಹುರಿಯಬಾರದು. ಮೊಳಕೆಯಲ್ಲಿ ಹುಟ್ಟಿಕೊಳ್ಳುವ ಅಮೈಲೇಸ್ ಎಂಬ ಕಿಣ್ವ ಗಂಜಿಯ ಪಿಷ್ಟವನ್ನು ಒಡೆಯುತ್ತದೆ ಮತ್ತು ಹೆಚ್ಚು ಶಾಖಕ್ಕೆ ಅದು ನಾಶವಾಗುತ್ತದೆ.

ಮಳೆಗಾಲದಲ್ಲಿ ಒಣಗಿಸುವುದೇ ದೊಡ್ಡ ಕಷ್ಟ. ಜೂನ್ ತಿಂಗಳಲ್ಲಿ ನಮ್ಮ ಮನೆಗಳ ಉಪ್ಪಿನ ಭರಣಿಯೇ ನೀರಾಗಿರುವಾಗ ರಾಗಿ ತಾನಾಗಿ ಒಣಗೀತು ಎಂದು ನಿರೀಕ್ಷಿಸುವಂತಿಲ್ಲ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿಯೇ ಮೊಳಕೆ ಕಾಳನ್ನು ಒಣಗಿಸಿ, ಹುಡಿ ಮಾಡದೆ ಕಾಳಾಗಿಯೇ ಗಾಳಿಯಾಡದ ಡಬ್ಬಿಯಲ್ಲಿ ತುಂಬಿಟ್ಟು, ಎರಡು ವಾರಕ್ಕೆ ಬೇಕಾದಷ್ಟನ್ನೇ ಆಗಾಗ ಹುಡಿ ಮಾಡಿಕೊಳ್ಳುವುದು ಸುರಕ್ಷಿತ. ಬೇಸಗೆ ಕಳೆದುಹೋಗಿದ್ದರೆ ಒಣಗಿಸುವ ಗೋಜಿಗೆ ಹೋಗದೆ ತಾಜಾ ಹಾಲು ತೆಗೆದು ಅಂದಂದಿನ ಮಣ್ಣಿಯನ್ನು ಅಂದಂದೇ ಕಾಯಿಸುವುದು ಮೇಲು. ಅರ್ಧಂಬರ್ಧ ಒಣಗಿದ ಹುಡಿ ಬೂಸ್ಟು ಹಿಡಿಯುತ್ತದೆ, ಮತ್ತು ಬೂಸ್ಟಿನ ವಿಷ ಕುದಿಸಿದರೂ ಹೋಗುವುದಿಲ್ಲ.

ಮಣ್ಣಿ ಕಾಯಿಸುವಾಗ ಊಟದ ಚಮಚದಲ್ಲಿ ಎರಡು ಚಮಚ ಹುಡಿಯನ್ನು ಮುಕ್ಕಾಲು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈ ಬಿಡದೆ ಮಗುಚುತ್ತಿರಬೇಕು. ಮೊದಲ ದಿನಗಳಿಗೆ ಇದರ ಅರ್ಧದಷ್ಟು ಮಾಡಿದರೂ ಹೆಚ್ಚೇ. ಹಸಿ ವಾಸನೆ ಹೋಗಿ, ಬಣ್ಣ ಗಾಢವಾಗಿ, ಮೇಲೆ ಹೊಳಪು ಬಂದು, ಸಟ್ಟುಗಕ್ಕೆ ಅಂಟಿಕೊಂಡು ಮೆಲ್ಲಗೆ ಜಾರುವ ಹದಕ್ಕೆ ಏಳೆಂಟು ನಿಮಿಷಗಳು ಬೇಕಾಗುತ್ತವೆ. ಇಳಿಸಿದ ಮೇಲೆ ಅರ್ಧ ಚಮಚ ತುಪ್ಪವನ್ನೋ ತೆಂಗಿನೆಣ್ಣೆಯನ್ನೋ ಬೆರೆಸಬೇಕು. ಜಿಡ್ಡಿನಿಂದ ಕಫ ಕಟ್ಟುತ್ತದೆ ಎಂಬ ಹೆದರಿಕೆ ಬೇಡ, ಸಣ್ಣ ಹೊಟ್ಟೆಗೆ ಶಕ್ತಿಯನ್ನು ತುಂಬುವ ಅತ್ಯಂತ ಸುಲಭದ ಉಪಾಯ ಅದು. ಚಮಚವನ್ನು ವಾಲಿಸಿದರೆ ಮಣ್ಣಿ ನೀರಿನಂತೆ ಸುರಿದುಹೋಗಬಾರದು, ಒಂದು ಕ್ಷಣ ನಿಂತು ಆಮೇಲೆ ಜಾರಬೇಕು. ತೀರ ಗಟ್ಟಿಯೆನಿಸಿದರೆ, ಉಗುರುಬೆಚ್ಚಗಾದ ಮೇಲೆ ಹಿಂಡಿ ತೆಗೆದ ಎದೆಹಾಲನ್ನು ಸ್ವಲ್ಪ ಸೇರಿಸಿದರೆ ಮಗುವಿಗೆ ಪರಿಚಿತವಾದ ರುಚಿಯೂ ಬರುತ್ತದೆ.

ಮೊಳಕೆ ರಾಗಿಯ ಇನ್ನೊಂದು ಉಪಯೋಗವನ್ನು ಎಲ್ಲ ತಾಯಂದಿರೂ ಒಮ್ಮೆ ಮಾಡಿ ನೋಡಬೇಕು. ಅಕ್ಕಿ, ಬೇಳೆ ಬೇಯಿಸಿ ಅರೆದ ಗಂಜಿ ಚಮಚದಲ್ಲಿ ಹೆಪ್ಪುಗಟ್ಟಿದಂತೆ ನಿಂತು, ಮಗು ನುಂಗಲಾರದಷ್ಟು ಗಟ್ಟಿಯಾಗಿದ್ದಾಗ ನಾವು ನೀರು ಸುರಿಯುತ್ತೇವೆ. ಸತ್ವ ಕಡಿಮೆಯಾಗುವುದು ಆಗಲೇ. ಅದರ ಬದಲು ಗಂಜಿ ಬಿಸಿಯಾಗಿರುವಾಗಲೇ, ಆದರೆ ಕುದಿ ನಿಂತ ಮೇಲೆ, ಒಂದು ಸಣ್ಣ ಚಮಚ ಮೊಳಕೆ ರಾಗಿಯ ಹುಡಿಯನ್ನು ಬೆರೆಸಿ ಕದಡಬೇಕು. ಕೆಲವು ನಿಮಿಷಗಳಲ್ಲಿ ಗಂಜಿ ಕಣ್ಣೆದುರಿಗೇ ಸಡಿಲಗೊಂಡು, ನೀರು ಹಾಕದೆಯೇ ಜಾರುವ ಹದಕ್ಕೆ ಬರುತ್ತದೆ. ಅನಂತರ ಮತ್ತೆ ಒಲೆಯ ಮೇಲಿಟ್ಟು ನಾಲ್ಕೈದು ನಿಮಿಷ ಚೆನ್ನಾಗಿ ಕುದಿಸಬೇಕು, ಏಕೆಂದರೆ ಮೊಳಕೆ ಬರಿಸುವಾಗ ಸೇರಿರಬಹುದಾದ ರೋಗಾಣುಗಳು ಸಾಯಲೇಬೇಕು.

ಗಂಜಿಯ ವಿಚಾರದಲ್ಲಿ ನಮಗೊಂದು ಅನುಕೂಲವಿದೆ. ಕುಚ್ಚಲಕ್ಕಿ ಗಂಜಿಯನ್ನು ಉಪ್ಪು ಹಾಕದೆಯೇ ಬೇಯಿಸಿ, ಬಟ್ಟಲಿಗೆ ಬಡಿಸಿಕೊಂಡ ಮೇಲೆ ಉಪ್ಪು, ಉಪ್ಪಿನಕಾಯಿ ಸೇರಿಸುವುದು ಇಲ್ಲಿಯ ಪದ್ಧತಿಯಾದ್ದರಿಂದ, ಮನೆಯವರ ಪಾತ್ರೆಯಿಂದಲೇ ಮಗುವಿನ ಪಾಲನ್ನು ತೆಗೆಯಬಹುದು. ಆದರೆ ತೆಗೆಯಬೇಕಾದುದು ತಿಳಿಯನ್ನಲ್ಲ, ಅನ್ನದ ಅಗುಳನ್ನು. ಮೂರು ಪಾಲು ಅಗುಳಿಗೆ ಒಂದು ಪಾಲು ಮೆತ್ತಗೆ ಬೆಂದ ಹೆಸರುಬೇಳೆ, ಒಂದು ಹಿಡಿ ನುಗ್ಗೆಸೊಪ್ಪಿನ ಚಿಗುರು ಅಥವಾ ಬಸಳೆಯ ಎಲೆ, ಇಲ್ಲವೇ ಒಂದು ತುಂಡು ಸಿಹಿಗುಂಬಳ ಸೇರಿಸಿ ಅರೆದು, ತುಪ್ಪ ಬೆರೆಸಿ, ಕೊನೆಯಲ್ಲಿ ನಾಲ್ಕು ಹನಿ ಲಿಂಬೆ ರಸ ಹಿಂಡಬೇಕು. ಬೇಳೆ, ಸೊಪ್ಪುಗಳ ಕಬ್ಬಿಣ ಮೈಗೆ ಹತ್ತಲು ಸಿ ಜೀವಸತ್ವ ನೆರವಾಗುತ್ತದೆ. ಕುಚ್ಚಲಕ್ಕಿ ಬೇಯಲು ಹೊತ್ತು ಹಿಡಿಯುತ್ತದೆಯಾದರೂ ಅರ್ಧ ಬೆಂದುದನ್ನು ಅರೆದು ಕೊಡಬಾರದು. ಬೆರಳುಗಳ ನಡುವೆ ಹಿಸುಕಿದರೆ ನಡುವಿನ ಬಿಳಿ ಗಟ್ಟಿ ಸಿಗದಂತೆ ಬೆಂದಿರಬೇಕು.

ಹೊಸ ಆಹಾರಗಳನ್ನು ಒಂದೊಂದಾಗಿ, ಮೂರು ದಿನಗಳ ಅಂತರದಲ್ಲಿ ಪರಿಚಯಿಸಿದರೆ ಯಾವುದು ಒಗ್ಗಲಿಲ್ಲ ಎಂಬುದು ಗೊತ್ತಾಗುತ್ತದೆ. ನೇಂದ್ರ ಬಾಳೆಹಣ್ಣನ್ನು ಸಿಪ್ಪೆಸಹಿತ ಹಬೆಯಲ್ಲಿ ಬೇಯಿಸಿ, ಸೀಳಿ, ನಡುವಿನ ಕರಿ ಎಳೆಯನ್ನು ತೆಗೆದು, ತುಪ್ಪ ಹಾಕಿ ಮಸೆದು ಕೊಡಬಹುದು. ಸಿಹಿಗೆಣಸಿಗೂ ಅದೇ ಕ್ರಮ. ಮೀನು, ಮೊಟ್ಟೆ ತಿನ್ನುವ ಮನೆಯಾದರೆ ಒಂದು ವರ್ಷದವರೆಗೆ ಕಾಯುವ ಕಾರಣವಿಲ್ಲ. ಆರು ತಿಂಗಳ ಅನಂತರ ಪೂರ್ಣವಾಗಿ ಬೆಂದ ಮೊಟ್ಟೆಯನ್ನು ಸ್ವಲ್ಪದಿಂದ ಆರಂಭಿಸಬಹುದು. ಕಾಣೆ ಮೀನಿನ ಮಾಂಸ ಮೆದು. ಮೆಣಸು, ಹುಳಿಗಳಿಲ್ಲದೆ ಅರಿಶಿನದ ನೀರಿನಲ್ಲಿ ಬೇಯಿಸಿ, ಬೆರಳಿನಿಂದಲೇ ಎಸಳೆಸಳಾಗಿ ಬಿಡಿಸಿ, ಪ್ರತಿ ಎಸಳನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿ ಮುಳ್ಳಿಲ್ಲವೆಂದು ಖಚಿತಪಡಿಸಿಕೊಂಡು ಗಂಜಿಗೆ ಬೆರೆಸಬೇಕು. ಬಂಗುಡೆ, ಬೂತಾಯಿ ಬಹಳ ಪುಷ್ಟಿಕರವಾದರೂ ಅವುಗಳ ಸಣ್ಣ ಮುಳ್ಳಿನ ವಿಷಯದಲ್ಲಿ ಎರಡು ಪಟ್ಟು ಎಚ್ಚರ ಬೇಕು. ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗಿನ ದಿನಗಳಲ್ಲಿ ಮಾರುಕಟ್ಟೆಯ ಮೀನು ಹಲವು ದಿನ ಮಂಜುಗಡ್ಡೆಯಲ್ಲಿದ್ದುದಾಗಿರಬಹುದು. ಕಿವಿರು ಕೆಂಪಾಗಿರದಿದ್ದರೆ ಮಗುವಿಗೆ ಅದು ಬೇಡ.

ಒಂದು ವರ್ಷ ತುಂಬುವವರೆಗೆ ಉಪ್ಪು, ಸಕ್ಕರೆ, ಕಲ್ಲುಸಕ್ಕರೆ, ಬೆಲ್ಲ ಇವು ಬೇಡ. ಓಲೆಬೆಲ್ಲ ಹಾಕದ ಮಣ್ಣಿ ಸಪ್ಪೆಯೆಂದು ಅಜ್ಜಿಯಂದಿರಿಗೆ ಅನ್ನಿಸುತ್ತದೆ, ಆದರೆ ಸಿಹಿಯ ರುಚಿಯನ್ನೇ ಇನ್ನೂ ಅರಿಯದ ಮಗುವಿಗೆ ಅದು ಸಪ್ಪೆಯಲ್ಲ. ಜೇನುತುಪ್ಪದ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಸಲ್ಲದು. ಬಜೆಯನ್ನು ಜೇನಿನಲ್ಲಿ ತೇಯ್ದು ನೆಕ್ಕಿಸುವ ರೂಢಿ ನಮ್ಮಲ್ಲಿದೆ, ಆದರೆ ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ಒಂದು ವರ್ಷದೊಳಗಿನ ಮಗುವಿನ ಕರುಳಿನಲ್ಲಿ ಬೆಳೆದು ಬಾಟುಲಿಸಂ ಎಂಬ, ಸ್ನಾಯುಗಳನ್ನೇ ನಿಶ್ಶಕ್ತಗೊಳಿಸುವ ಕಾಯಿಲೆಯನ್ನು ತರಬಲ್ಲವು. ಹಿರಿಯರ ಮನಸ್ಸು ನೋಯಬಾರದೆಂದು ಇದನ್ನು ಒಪ್ಪಿಕೊಳ್ಳಬೇಡಿ, ವಿನಯದಿಂದಲೇ ತಡೆಯಿರಿ. ದನದ ಹಾಲನ್ನು ಒಂದು ವರ್ಷದ ಮೊದಲು ಕುಡಿಯಲು ಕೊಡಬಾರದು. ಇಡೀ ನೆಲಗಡಲೆ, ಗೇರುಬೀಜ, ದ್ರಾಕ್ಷಿ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ನೆಲಗಡಲೆಯನ್ನಾಗಲಿ ಗೇರುಬೀಜವನ್ನಾಗಲಿ ಬೆಣ್ಣೆಯಂತೆ ಅರೆದು ಮಣ್ಣಿಯಲ್ಲಿ ಕರಗಿಸಿ ಕೊಡಬಹುದು.

ಪ್ರಮಾಣವನ್ನು ಮಗುವೇ ಕಲಿಸುತ್ತದೆಯಾದರೂ ಒಂದು ಅಂದಾಜು ಇರಬೇಕು. ಮೊದಲಿಗೆ ಎರಡು ಮೂರು ಚಮಚ. ಎಂಟು ತಿಂಗಳು ಮುಗಿಯುವುದರೊಳಗೆ ದಿನಕ್ಕೆ ಎರಡು ಮೂರು ಬಾರಿ, ಪ್ರತಿ ಸಲವೂ 250 ಮಿಲಿಲೀಟರ್ ಬಟ್ಟಲಿನ ಅರ್ಧದಷ್ಟಕ್ಕೆ ಬರಬೇಕು. ಒಂಬತ್ತರಿಂದ ಹನ್ನೊಂದನೆಯ ತಿಂಗಳವರೆಗೆ ಅದೇ ಅರ್ಧ ಬಟ್ಟಲು ಮೂರು ನಾಲ್ಕು ಬಾರಿ. ಈ ಹಂತದಲ್ಲಿ ಅರೆಯುವುದನ್ನು ಬಿಟ್ಟು ಕೈಯಲ್ಲಿ ಹಿಸುಕಿ ಕೊಡಬೇಕು, ಇಲ್ಲದಿದ್ದರೆ ಮಗು ಅಗಿಯಲು ಕಲಿಯುವುದು ತಡವಾಗುತ್ತದೆ. ವರ್ಷ ತುಂಬಿದ ಮೇಲೆ ಮುಕ್ಕಾಲರಿಂದ ಒಂದು ಬಟ್ಟಲು, ಮನೆಯವರ ಇಡ್ಲಿ, ಸೇಮಿಗೆ, ನೀರುದೋಸೆಗಳ ಜೊತೆಗೆ. ಎದೆಹಾಲು ಎರಡು ವರ್ಷದವರೆಗೆ, ಅದರ ಆಚೆಗೂ ಮುಂದುವರಿಯಲಿ. ಊಟ ಎಷ್ಟೇ ಚೆನ್ನಾಗಿದ್ದರೂ ಆರು ತಿಂಗಳ ಮೇಲ್ಪಟ್ಟ ಮಕ್ಕಳಿಗೆ ಆಶಾ ಕಾರ್ಯಕರ್ತೆಯರ ಮೂಲಕ ದೊರೆಯುವ, ವಾರಕ್ಕೆ ಎರಡು ಬಾರಿ 1 ಮಿಲಿಲೀಟರ್ ಕೊಡಬೇಕಾದ ಕಬ್ಬಿಣದ ಸಿರಪ್ಪನ್ನು ತಪ್ಪಿಸಬಾರದು. ಮಲ ಕಪ್ಪಾದರೆ ಗಾಬರಿಯಾಗಬೇಕಿಲ್ಲ, ಅದು ಕಬ್ಬಿಣದ ಬಣ್ಣ.

ಬಾಟಲಿಯನ್ನು ಮನೆಯೊಳಗೆ ತರಬೇಡಿ. ಕುದಿಯುವ ನೀರಿನಲ್ಲಿ ತೊಳೆದ ಸ್ಟೀಲಿನ ಬಟ್ಟಲು, ಚಮಚ ಸಾಕು. ಒಂದು ಹೊತ್ತಿಗೆ ಬೇಕಾದಷ್ಟನ್ನೇ ಮಾಡಬೇಕು. ನಮ್ಮ ಸೆಕೆಯಲ್ಲಿ ಎರಡು ಗಂಟೆ ಹೊರಗೆ ಉಳಿದ ಮಣ್ಣಿಯನ್ನು ಮತ್ತೆ ಬಿಸಿ ಮಾಡಿ ಕೊಡಬಾರದು, ಮಗುವಿನ ಎಂಜಲಿನ ಚಮಚ ಮುಟ್ಟಿದ್ದನ್ನಂತೂ ಇಡಲೇಬಾರದು. ಮಗು ಬಾಯಿ ತಿರುಗಿಸಿದರೆ ಒತ್ತಾಯಿಸದೆ ನಿಲ್ಲಿಸಿ, ಅದೇ ಆಹಾರವನ್ನು ಕೆಲವು ದಿನ ಬಿಟ್ಟು ಮತ್ತೆ ಕೊಟ್ಟು ನೋಡಬೇಕು. ಜ್ವರ, ಭೇದಿ ಬಂದಾಗ ಊಟ ನಿಲ್ಲಿಸುವುದು ಹಳೆಯ ಅಭ್ಯಾಸ, ಆದರೆ ಆಗಲೇ ಮಗುವಿಗೆ ಆಹಾರದ ಅಗತ್ಯ ಹೆಚ್ಚು. ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಉಣ್ಣಿಸಿ, ಎದೆಹಾಲನ್ನು ಹೆಚ್ಚಿಸಿ, ಗುಣವಾದ ಮೇಲೆ ಎರಡು ವಾರ ದಿನಕ್ಕೊಂದು ಊಟವನ್ನು ಹೆಚ್ಚಾಗಿ ಕೊಟ್ಟರೆ ಇಳಿದ ತೂಕ ಮರಳುತ್ತದೆ. ಭೇದಿಯ ಜೊತೆ ಮೂತ್ರ ಕಡಿಮೆಯಾದರೆ, ಮಗು ಮಂಕಾಗಿ ಹಾಲನ್ನೂ ಒಲ್ಲೆ ಎಂದರೆ, ಅಥವಾ ಹೊಸ ಆಹಾರ ತಿಂದ ಬೆನ್ನಿಗೇ ಮುಖ ಊದಿಕೊಂಡು ಉಸಿರಾಟ ಕಷ್ಟವಾದರೆ ಮನೆಮದ್ದಿಗೆ ಹೊತ್ತು ಕಳೆಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.