ಹೂಡಿಕೆ ಬ್ಯಾಂಕಿನ ನಗದನ್ನು ನಾನು ಸೋಸಿ ನೋಡುವ ಬಗೆ

ನಮ್ಮ ಹೂಡಿಕೆ ನಿಧಿಯ ಮಾರ್ಜಿನ್ ಹಣವನ್ನು, ಎಂದರೆ ವಹಿವಾಟುಗಳಿಗೆ ಭದ್ರತೆಯಾಗಿ ಇಡುವ ಮೊತ್ತವನ್ನು, ಯಾವ ಹೂಡಿಕೆ ಬ್ಯಾಂಕಿನಲ್ಲಿ ಎಷ್ಟು ಇಡಬೇಕೆಂದು ನಿರ್ಧರಿಸುವುದು ನನ್ನ ಕೆಲಸ. ಬ್ಯಾಲೆನ್ಸ್ ಶೀಟಿನ ಮೊದಲ ಸಾಲಿನಲ್ಲಿರುವ ‘ನಗದು ಮತ್ತು ನಗದು ಸಮಾನ’ದ (ನಗದು ಮತ್ತು ನಗದಿನಷ್ಟೇ ಬೇಗ ಕೈಗೆ ಬರುವ ಅಲ್ಪಾವಧಿ ಹೂಡಿಕೆಗಳ) ಅಂಕಿಯನ್ನು ಪದರ ಪದರವಾಗಿ ಬಿಡಿಸಿ, ಸಂಕಟದ ದಿನ ನಿಜಕ್ಕೂ ಕೈಗೆ ಸಿಗುವಷ್ಟನ್ನೇ ಲೆಕ್ಕಕ್ಕೆ ಹಿಡಿಯುತ್ತೇನೆಂದು ಹೇಳಿದಾಗ, ಲೆಕ್ಕಪರಿಶೋಧಕರು ಸಹಿ ಹಾಕಿದ ಅಂಕಿಯನ್ನು ಕೆದಕಿ ಏನು ಪ್ರಯೋಜನವೆಂದು ಸಹೋದ್ಯೋಗಿಗಳು ಕೇಳಿದ್ದರು. ಈಗ ಅವರೇ ಪ್ರತಿ ತ್ರೈಮಾಸಿಕದಲ್ಲೂ ನನ್ನ ಹಾಳೆಯನ್ನು ಕೇಳಿ ಪಡೆಯುತ್ತಾರೆ.

ನಗದನ್ನು ಅಲ್ಪಾವಧಿ ಸಾಲದಿಂದ ಭಾಗಿಸುವ ಹಳೆಯ ಅನುಪಾತ ಹಿಂದಿನ ಕುಸಿತಗಳ ಮೇಲೆ ಪರೀಕ್ಷಿಸಿದಾಗ ನಿಲ್ಲಲಿಲ್ಲ. ಅಮೆರಿಕದ ಹೂಡಿಕೆ ಬ್ಯಾಂಕು ಬೇರ್ ಸ್ಟರ್ನ್ಸ್ ಬಳಿ 2008ರ ಮಾರ್ಚ್ 10ರಂದು ಸುಮಾರು 18 ಶತಕೋಟಿ ಡಾಲರ್ ಇತ್ತು. 13ರ ಹೊತ್ತಿಗೆ ಉಳಿದದ್ದು 2 ಶತಕೋಟಿಯಷ್ಟು. ಮೂರು ತಿಂಗಳಿಗೊಮ್ಮೆ ಬರುವ ಯಾವ ಅನುಪಾತವೂ ಮೂರು ದಿನಗಳ ಈ ಸೋರಿಕೆಯನ್ನು ಹಿಡಿಯದು. ಇನ್ನೊಂದು ಹೂಡಿಕೆ ಬ್ಯಾಂಕಾದ ಲೇಮನ್ ಬ್ರದರ್ಸ್ ಪ್ರಕರಣ ನನಗೆ ಇನ್ನೂ ಹೆಚ್ಚು ಕಲಿಸಿತು: ಅದೇ ವರ್ಷ ಸೆಪ್ಟೆಂಬರ್ 10ರಂದು ತನ್ನ ಬಳಿ ಸುಮಾರು 41 ಶತಕೋಟಿ ಡಾಲರುಗಳ ಲಿಕ್ವಿಡಿಟಿ (ನಗದು ಮತ್ತು ಬೇಗ ನಗದಾಗಬಲ್ಲ ಆಸ್ತಿ) ಇದೆಯೆಂದು ಅದು ಘೋಷಿಸಿತ್ತು, ಆದರೆ ಎರಡೇ ದಿನಗಳ ಬಳಿಕ ಸುಲಭವಾಗಿ ನಗದಾಗಬಲ್ಲದ್ದು 2 ಶತಕೋಟಿಗಿಂತ ಕಡಿಮೆ ಇತ್ತೆಂದು ಅದು ದಿವಾಳಿಯಾದ ಮೇಲೆ ನ್ಯಾಯಾಲಯ ನೇಮಿಸಿದ ಪರೀಕ್ಷಕ ಆಂಟನ್ ವಲೂಕಸ್ ಅವರ 2010ರ ವರದಿ ತಿಳಿಸಿತು. ಉಳಿದುದರಲ್ಲಿ ದೊಡ್ಡ ಪಾಲು ಕ್ಲಿಯರಿಂಗ್ ಬ್ಯಾಂಕುಗಳ (ವಹಿವಾಟುಗಳ ಪಾವತಿಯನ್ನು ಪೂರೈಸಿಕೊಡುವ ಬ್ಯಾಂಕುಗಳ) ಬಳಿ ಭದ್ರತೆಯಾಗಿ ಸಿಕ್ಕಿಕೊಂಡಿತ್ತು.

ಆದ್ದರಿಂದ ನಾನು ಮೊದಲು ಗ್ರಾಹಕರ ಹಣವನ್ನು ಕಾಪಾಡುವ ಅಮೆರಿಕದ 15ಸಿ3-3 ನಿಯಮದಡಿ ಗ್ರಾಹಕರಿಗಾಗಿ ಬೇರ್ಪಡಿಸಿಟ್ಟ ಹಣವನ್ನು ಕಳೆಯುತ್ತೇನೆ. 2018ರಿಂದ ಅಮೆರಿಕದ ನಗದು ಹರಿವಿನ ಪಟ್ಟಿಯಲ್ಲಿ ನಿರ್ಬಂಧಿತ ನಗದೂ ಒಟ್ಟು ಮೊತ್ತದೊಳಗೇ ಸೇರುವುದರಿಂದ, ಅವಸರದಲ್ಲಿ ಓದುವವರಿಗೆ ಇದು ಕಾಣುವುದಿಲ್ಲ, ಟಿಪ್ಪಣಿಗಳಲ್ಲಿ ಹುಡುಕಬೇಕು. ನಂತರ ವಾರ್ಷಿಕ ವರದಿಯ ಕೊನೆಯ ಪುಟಗಳಲ್ಲಿರುವ ಮಾತೃಸಂಸ್ಥೆಯ ಪ್ರತ್ಯೇಕ ಲೆಕ್ಕವನ್ನು ತೆರೆದು, ಅಂಗಸಂಸ್ಥೆಗಳಲ್ಲಿ ಉಳಿಯುವ ಹಣಕ್ಕೆ ಕಡಿತ ಹಾಕುತ್ತೇನೆ. ಮೂರನೆಯ ಪದರ ಕ್ಲಿಯರಿಂಗಿಗೆ ದಿನದ ನಡುವೆ ಬೇಕಾಗುವ ಹಣದ್ದು. ಅದನ್ನು ಯಾವ ಅಂಕಿಯಿಂದ ಅಂದಾಜಿಸುತ್ತೇನೆ, ಎಷ್ಟು ತೂಕ ಕೊಡುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ ರಾತ್ರಿಯೊಂದರ ರಿವರ್ಸ್ ರೆಪೋಗಳನ್ನೂ (ಬಾಂಡುಗಳಂಥ ಭದ್ರತೆ ಪಡೆದು ಒಂದು ರಾತ್ರಿಗೆ ಕೊಡುವ ಸಾಲಗಳನ್ನೂ) ನಗದೆಂದೇ ಎಣಿಸಿ ನೋಡಿದೆ. ಶಾಂತ ಕಾಲದಲ್ಲಿ ಫಲಿತಾಂಶ ಚೆನ್ನಾಗಿಯೇ ಬಂತು, ಆದರೆ ಬ್ಯಾಂಕುಗಳನ್ನು ಹೋಲಿಸುವಾಗ ಕೈಕೊಟ್ಟಿತು. ಗೋಲ್ಡ್‌ಮನ್ ಸ್ಯಾಕ್ಸ್ ರಾತ್ರಿಯೊಂದರ ಠೇವಣಿಗಳನ್ನು ಮಾತ್ರ ನಗದು ಸಮಾನವೆನ್ನುತ್ತದೆ, ಲೆಕ್ಕಪತ್ರ ನಿಯಮವಾದರೋ ಮೂರು ತಿಂಗಳವರೆಗಿನ ಅವಧಿಗೂ ಅವಕಾಶ ಕೊಡುತ್ತದೆ. ಅದರ ಮೇಲೆ ಇನ್ನೊಂದು ಸಡಿಲ ವರ್ಗವನ್ನು ಸೇರಿಸಿದರೆ ಹೋಲಿಕೆಗೆ ಅರ್ಥವೇ ಉಳಿಯದು. ಎಲ್‌ಸಿಆರ್ (ಸಂಕಟವನ್ನು ತಾಳಲು ಬ್ಯಾಂಕು ಇಟ್ಟಿರಬೇಕಾದ, ಬೇಗ ನಗದಾಗುವ ಆಸ್ತಿಯ ಅಳತೆ) ಪ್ರಕಟಣೆಯಲ್ಲಿರುವ ಆ ಆಸ್ತಿಯ ತ್ರೈಮಾಸಿಕ ಸರಾಸರಿಯನ್ನು ಕೊನೆಯ ದಿನದ ನಗದಿನ ಪಕ್ಕದಲ್ಲಿಟ್ಟು ಓದುವ ಪ್ರಯೋಗ ಮಾತ್ರ ಉಳಿದುಕೊಂಡಿದೆ. ಸರಾಸರಿಯಲ್ಲಿ ಬಾಂಡುಗಳೂ ಸೇರಿರುವುದರಿಂದ ಮೊತ್ತಗಳನ್ನಲ್ಲ, ಅವು ಚಲಿಸುವ ದಿಕ್ಕನ್ನು ಹೋಲಿಸಬೇಕು.

ಒಂದು ಬ್ಯಾಂಕಿನ ಒಟ್ಟು ನಗದು ಏರುತ್ತಿದ್ದಾಗಲೇ ನನ್ನ ಲೆಕ್ಕದ ಬಳಸಬಹುದಾದ ನಗದು ಎರಡು ತ್ರೈಮಾಸಿಕ ಸತತವಾಗಿ ಇಳಿಯಿತು. ನೆನಪಿನಿಂದ ಹೇಳುವುದಾದರೆ ಸುಮಾರು ಎರಡು ಕೋಟಿ ಡಾಲರುಗಳನ್ನು ಅಲ್ಲಿಂದ ತೆಗೆಸಿದೆ. ಬೇರೆಡೆ ದರ ಹೆಚ್ಚಿದ್ದರಿಂದ ವರ್ಷಕ್ಕೆ ಒಂದೂವರೆ ಲಕ್ಷ ಡಾಲರಿನಷ್ಟು ಹೆಚ್ಚು ಖರ್ಚಾಯಿತು, ಅದಕ್ಕಾಗಿ ಸಭೆಗಳಲ್ಲಿ ಸಾಕಷ್ಟು ಮಾತು ಕೇಳಬೇಕಾಯಿತು. ಮುಂದಿನ ವರ್ಷ ಆ ಬ್ಯಾಂಕು ಗ್ರಾಹಕರ ಹೆಚ್ಚುವರಿ ಮಾರ್ಜಿನ್ ಮರಳಿಸಲು ದಿನಗಟ್ಟಲೆ ತಡಮಾಡಿದಾಗ, ನಮ್ಮದು ಅಲ್ಲಿ ಉಳಿದಿರಲಿಲ್ಲ.